‘ಅದು ಸೇರಲ್ಲ’ ಎನ್ನುವವರ ಅಡುಗೆಮನೆ

ಊಟದ ವಿಷಯದಲ್ಲಿ ಕನ್ನಡಿಗರು ಬಳಸುವ ಮೂರು ಮಾತುಗಳು ಮೇಲ್ನೋಟಕ್ಕೆ ಒಂದೇ ಎನಿಸಿದರೂ ಅರ್ಥ ಬೇರೆ ಬೇರೆ. ‘ಸೇರುವುದಿಲ್ಲ’ ಎಂದರೆ ನಾಲಿಗೆ ಒಪ್ಪುವುದಿಲ್ಲ. ‘ಒಗ್ಗುವುದಿಲ್ಲ’ ಎಂದರೆ ಮೈ ಒಪ್ಪುವುದಿಲ್ಲ. ತಿಂದರೆ ಹೊಟ್ಟೆ ಉಬ್ಬರಿಸುತ್ತದೆ, ಚರ್ಮ ತುರಿಸುತ್ತದೆ. ‘ರೂಢಿಯಿಲ್ಲ’ ಎಂದರೆ ಇದುವರೆಗೆ ತಿಂದಿಲ್ಲ, ಹಾಗಾಗಿ ಕೈ ಮುಂದೆ ಹೋಗುವುದಿಲ್ಲ. ತಟ್ಟೆಯಲ್ಲಿ ಆರಿಸಿ ಆರಿಸಿ ತಿನ್ನುವವರು ಈ ಮೂರಕ್ಕೂ ‘ಬೇಡ’ ಎಂಬ ಒಂದೇ ಉತ್ತರ ಕೊಡುತ್ತಾರೆ. ಬಡಿಸುವವರು ಮೂರನ್ನೂ ‘ಹಟ’ ಎಂದೇ ತಿಳಿಯುತ್ತಾರೆ. ಇಂಥವರು ಅಡುಗೆ ಕಲಿಯಲು ಹೊರಟಾಗ ಮಾಡಬೇಕಾದ ಮೊದಲ ಕೆಲಸ ಈ ಮೂರನ್ನು ಬಿಡಿಸಿಕೊಳ್ಳುವುದು. ಒಗ್ಗದ್ದನ್ನು ವೈದ್ಯರ ಬಳಿ ಹೇಳಬೇಕು, ಅಡುಗೆಯಲ್ಲಿ ಅದಕ್ಕೆ ಮದ್ದಿಲ್ಲ. ರೂಢಿಯಿಲ್ಲದ್ದಕ್ಕೆ ಕಾಲವೇ ಸಾಕು. ಸೇರದ್ದನ್ನು ಮಾತ್ರ ಒಲೆಯ ಮುಂದೆ ನಿಂತು ಸರಿಪಡಿಸಬಹುದು.

ನಾಲಿಗೆ ಒಪ್ಪದಿರುವುದಕ್ಕೆ ಹುಟ್ಟಿನಿಂದಲೇ ಬಂದ ಕಾರಣಗಳೂ ಇವೆ. ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಾಲಯದಲ್ಲಿ 1931ರಲ್ಲಿ ಆರ್ಥರ್ ಫಾಕ್ಸ್ ಎಂಬ ರಸಾಯನಶಾಸ್ತ್ರಜ್ಞರು ಪಿಟಿಸಿ ಎಂಬ ಪುಡಿಯನ್ನು ಸೀಸೆಗೆ ಸುರಿಯುತ್ತಿದ್ದಾಗ ಅದರ ಧೂಳು ಗಾಳಿಯಲ್ಲಿ ಹರಡಿತು. ಪಕ್ಕದಲ್ಲಿದ್ದ ಸಹೋದ್ಯೋಗಿ ಬಾಯೆಲ್ಲ ಕಹಿ ಎಂದರು. ಫಾಕ್ಸ್ ಅವರಿಗೆ ಏನೂ ತಿಳಿಯಲಿಲ್ಲ. ಒಂದೇ ವಸ್ತು ಒಬ್ಬರಿಗೆ ವಿಪರೀತ ಕಹಿ, ಇನ್ನೊಬ್ಬರಿಗೆ ಸಪ್ಪೆ ಎಂಬ ಸಂಗತಿ ಹೀಗೆ ವಿಜ್ಞಾನದ ಕಣ್ಣಿಗೆ ಬಿತ್ತು. ಈ ವ್ಯತ್ಯಾಸದ ಹಿಂದಿರುವ ಜೀನ್ ಯಾವುದೆಂದು ಗೊತ್ತಾದದ್ದು 2003ರಲ್ಲಿ; ಅದರ ಹೆಸರು ಟಿಎಎಸ್2ಆರ್38. ಎಲೆಕೋಸು, ನವಿಲುಕೋಸು, ಮೂಲಂಗಿ, ಸಾಸಿವೆಗಳ ಕುಟುಂಬದಲ್ಲಿ ಪಿಟಿಸಿಯನ್ನು ಹೋಲುವ ರಾಸಾಯನಿಕಗಳಿವೆ. ಆದ್ದರಿಂದ ಈ ಜೀನಿನ ಒಂದು ಬಗೆಯನ್ನು ಪಡೆದು ಹುಟ್ಟಿದವರಿಗೆ ಎಲೆಕೋಸಿನ ಪಲ್ಯ ಇತರರಿಗಿಂತ ಹೆಚ್ಚು ಕಹಿಯಾಗಿರುತ್ತದೆ. ಮನೆಯ ಉಳಿದವರು ‘ಇದರಲ್ಲಿ ಕಹಿ ಎಲ್ಲಿದೆ?’ ಎಂದು ಕೇಳುವುದೂ ಸತ್ಯವೇ, ತಿನ್ನದವರು ಮುಖ ಕಿವುಚುವುದೂ ಸತ್ಯವೇ. ಕೊತ್ತಂಬರಿ ಸೊಪ್ಪಿನದೂ ಇಂಥದೇ ಕಥೆ. ಅದರ ಪರಿಮಳದಲ್ಲಿರುವ ಆಲ್ಡಿಹೈಡ್‌ಗಳು ಸಾಬೂನಿನ ವಾಸನೆಯಲ್ಲೂ ಇವೆ. ಆ ವಾಸನೆಯನ್ನು ಗುರುತಿಸುವ ಓಆರ್6ಎ2 ಎಂಬ ಜೀನಿಗೂ ಕೊತ್ತಂಬರಿ ಸೊಪ್ಪು ಸಾಬೂನಿನಂತೆ ಅನಿಸುವುದಕ್ಕೂ ಇರುವ ನಂಟನ್ನು 2012ರ ಒಂದು ಅಧ್ಯಯನ ತೋರಿಸಿತು.

ಉಳಿದದ್ದು ಬಾಲ್ಯದ ಬಳುವಳಿ. ಸುಮಾರು ಎರಡರಿಂದ ಆರು ವರ್ಷದವರೆಗೆ ಮಕ್ಕಳು ಹೊಸ ತಿನಿಸಿಗೆ ಅಂಜುವುದು ಎಲ್ಲ ನಾಡುಗಳಲ್ಲೂ ಕಾಣುವ ಸ್ವಭಾವ. ನಡೆಯಲು ಕಲಿತ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಂಡು ವಿಷ ತಿನ್ನದಿರಲಿ ಎಂದು ಪ್ರಕೃತಿ ಇಟ್ಟ ಕಾವಲು ಇದು ಎಂಬುದು ವಿಜ್ಞಾನಿಗಳ ವಿವರಣೆ. ಬಹುಪಾಲು ಮಕ್ಕಳಲ್ಲಿ ಈ ಅಂಜಿಕೆ ಬರಬರುತ್ತ ಕರಗುತ್ತದೆ, ಕೆಲವರಲ್ಲಿ ದೊಡ್ಡವರಾದ ಮೇಲೂ ಉಳಿಯುತ್ತದೆ. ಕೆನಡಾದ ಪೆಟ್ರೀಷಿಯಾ ಪ್ಲೈನರ್ ಮತ್ತು ಕ್ಯಾರೆನ್ ಹಾಬ್ಡನ್ 1992ರಲ್ಲಿ ಅದನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನೇ ರೂಪಿಸಿದರು. ದೊಡ್ಡವರಲ್ಲಿ ಉಳಿಯುವ ಈ ಅಂಜಿಕೆಗೆ ನಾಚಿಕೆಯೂ ಸೇರಿಕೊಳ್ಳುತ್ತದೆ. ಮದುವೆಮನೆಯ ಪಂಕ್ತಿಯಲ್ಲಿ, ಹಾಸ್ಟೆಲಿನ ಮೆಸ್ಸಿನಲ್ಲಿ, ಹೊಸ ಬೀಗರ ಮನೆಯಲ್ಲಿ ಇವರು ಪಡುವ ಸಂಕಟ ಸಣ್ಣದಲ್ಲ. ಅದನ್ನು ತಮಾಷೆ ಮಾಡಿದಷ್ಟೂ ಅವರು ತಿನ್ನುವ ತಿನಿಸುಗಳ ಪಟ್ಟಿ ಇನ್ನಷ್ಟು ಕುಗ್ಗುತ್ತದೆ.

ಇಂಥವರಿಗೆ ಅಡುಗೆ ಕಲಿಯುವುದರಿಂದ ಆಗುವ ದೊಡ್ಡ ಉಪಕಾರವೆಂದರೆ ಸೌಟು ತಮ್ಮ ಕೈಗೆ ಬರುವುದು. ಪಾತ್ರೆಯೊಳಗೆ ಏನು ಬಿತ್ತು, ಎಷ್ಟು ಬಿತ್ತು, ಯಾವಾಗ ಬಿತ್ತು ಎಂಬುದು ಮಾಡಿದವರಿಗೆ ಪೂರ್ತಿ ಗೊತ್ತು. ಆರಿಸಿ ತಿನ್ನುವವರ ಭಯದ ಅರ್ಧ ಪಾಲು ‘ಇದರೊಳಗೆ ಏನಿದೆಯೋ’ ಎಂಬುದೇ ಆಗಿರುವುದರಿಂದ ಆ ಅರ್ಧ ಅಲ್ಲಿಗೇ ಇಳಿಯುತ್ತದೆ. ಆರರಿಂದ ಹತ್ತು ವರ್ಷದ ಮಕ್ಕಳನ್ನು ಕುರಿತು ಸ್ವಿಟ್ಜರ್ಲೆಂಡಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಪೋಷಕರ ಜೊತೆ ತಾವೂ ಅಡುಗೆ ಮಾಡಿದ ಮಕ್ಕಳು ಪೋಷಕರೇ ಮಾಡಿ ಬಡಿಸಿದ ಮಕ್ಕಳಿಗಿಂತ ಸ್ಪಷ್ಟವಾಗಿ ಹೆಚ್ಚು ಸಲಾಡ್ ತಿಂದರು. ಇನ್ನೊಂದು ಅನುಕೂಲವೂ ಇದೆ. ಹುಳಿ ಒಂದು ಹನಿ ಹೆಚ್ಚಾದರೂ ತಿಳಿಯುವ, ಬೇಳೆ ಸೀದದ್ದನ್ನು ಬಾಗಿಲಲ್ಲೇ ಗುರುತಿಸುವ ಮೂಗು ನಾಲಿಗೆಗಳು ಇವರಲ್ಲಿ ಅನೇಕರಿಗೆ ಇರುತ್ತವೆ. ಊಟಕ್ಕೆ ಕೂತಾಗ ತೊಂದರೆ ಕೊಡುವ ಆ ಸೂಕ್ಷ್ಮವೇ ಒಲೆಯ ಮುಂದೆ ನಿಂತಾಗ ಒಳ್ಳೆಯ ಸಾಧನ.

ಕಲಿಕೆಗೆ ಮುಂಚೆ ಒಂದು ಪುಟ್ಟ ಪಟ್ಟಿ ಬರೆದುಕೊಳ್ಳುವುದು ಒಳ್ಳೆಯದು. ಅದರಲ್ಲಿ ತರಕಾರಿಯ ಹೆಸರೊಂದೇ ಇದ್ದರೆ ಪ್ರಯೋಜನವಿಲ್ಲ. ‘ಬೆಂಡೆಕಾಯಿ ಬೇಡ’ ಎಂಬುದರ ಮುಂದೆ ‘ಲೋಳೆ’ ಎಂದು ಬರೆಯಬೇಕು. ‘ಟೊಮೆಟೊ ಬೇಡ’ ಎಂಬುದರ ಮುಂದೆ ‘ಸಿಪ್ಪೆ ಬಾಯಿಗೆ ಸಿಗುತ್ತದೆ’ ಎಂದೋ ‘ಹಸಿ ಬೀಜದ ನೀರು’ ಎಂದೋ ಬರೆಯಬೇಕು. ‘ಈರುಳ್ಳಿ ಬೇಡ’ ಎನ್ನುವವರು ಈರುಳ್ಳಿ ಪಕೋಡವನ್ನು ಖುಷಿಯಿಂದ ತಿನ್ನುವುದು ನೆನಪಾದರೆ ತಮಗೆ ಬೇಡವಾದದ್ದು ಅರೆಬೆಂದ ಈರುಳ್ಳಿ ಮಾತ್ರ ಎಂಬುದು ಅವರಿಗೇ ಹೊಳೆಯುತ್ತದೆ. ಹೀಗೆ ಬರೆದಾಗ ಇಪ್ಪತ್ತು ಹೆಸರುಗಳ ಪಟ್ಟಿ ಸಾಮಾನ್ಯವಾಗಿ ನಾಲ್ಕೈದು ದೋಷಗಳಿಗೆ ಇಳಿಯುತ್ತದೆ: ಲೋಳೆ, ಕಹಿ, ಗಂಧಕದ ವಾಸನೆ, ನಾರು, ಮೆತ್ತಗೆ ಮುದ್ದೆಯಾಗಿರುವುದು. ತರಕಾರಿಯನ್ನು ಬದಲಾಯಿಸಲು ಯಾರಿಂದಲೂ ಆಗದು. ಈ ದೋಷಗಳನ್ನಾದರೆ ಬಹುಮಟ್ಟಿಗೆ ತೆಗೆಯಬಹುದು, ನಮ್ಮ ಅಡುಗೆಮನೆಗಳು ತಲೆಮಾರುಗಳಿಂದ ಮಾಡುತ್ತ ಬಂದಿರುವುದೂ ಅದನ್ನೇ.

ಆದರೂ ಮೊದಲ ದಿನವೇ ಸೇರದ ತರಕಾರಿಗೆ ಕೈ ಹಾಕಬಾರದು. ಈಗಾಗಲೇ ಇಷ್ಟವಾಗಿರುವ ಒಂದು ತಿಂಡಿಯನ್ನು ಹಿಡಿದು ಅದನ್ನು ಚೆನ್ನಾಗಿ ಮಾಡಲು ಕಲಿಯಬೇಕು. ಚಿತ್ರಾನ್ನ ಇದಕ್ಕೆ ಹೇಳಿಮಾಡಿಸಿದಂಥದು. ಅನ್ನವನ್ನು ಉದುರುದುರಾಗಿ ಮಾಡಿ, ಅಗಲ ತಟ್ಟೆಯಲ್ಲಿ ಹರಡಿ ಆರಿಸುವುದು ಮೊದಲ ಪಾಠ. ಬಿಸಿ ಅನ್ನ ಕಲಸಿದರೆ ಅಗುಳು ಒಡೆದು ಮುದ್ದೆಯಾಗುತ್ತದೆ. ಒಗ್ಗರಣೆಯಲ್ಲಿ ಎಣ್ಣೆ ಕಾದ ಮೇಲೆ ಸಾಸಿವೆ, ಅದು ಚಟಪಟ ಸಿಡಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಕಡಲೆಬೀಜ, ಅವು ಹೊಂಬಣ್ಣಕ್ಕೆ ತಿರುಗಿದ ಮೇಲೆ ಹಸಿಮೆಣಸಿನಕಾಯಿ, ಕರಿಬೇವು, ಕೊನೆಗೆ ಅರಿಶಿನ ಎಂಬ ಕ್ರಮ ಇರುವುದು ಒಂದೊಂದಕ್ಕೆ ಬೇಕಾದ ಕಾವೂ ಹೊತ್ತೂ ಬೇರೆಯಾದ್ದರಿಂದ. ನಿಂಬೆರಸವನ್ನು ಒಲೆ ಆರಿಸಿದ ಮೇಲೆಯೇ ಹಿಂಡಬೇಕು, ಕುದಿದರೆ ಕಹಿ ಬರುತ್ತದೆ. ಕಹಿಗೆ ಬೆಚ್ಚುವ ನಾಲಿಗೆಗೆ ಈ ಒಂದು ಎಚ್ಚರವೇ ಚಿತ್ರಾನ್ನವನ್ನು ಉಳಿಸಿಕೊಡುತ್ತದೆ.

ಮೂರು ನಾಲ್ಕು ಸಲ ಚಿತ್ರಾನ್ನ ಕೈಗೆ ಕೂತ ಮೇಲೆ ಅದರಲ್ಲಿ ಒಂದೇ ಒಂದನ್ನು ಬದಲಾಯಿಸಬೇಕು. ನಿಂಬೆಯ ಬದಲು ತುರಿದ ಮಾವಿನಕಾಯಿ. ಇನ್ನೊಂದು ಸಲ ನಿಂಬೆಯ ಜೊತೆಗೇ ಒಂದು ಹಿಡಿ ಕ್ಯಾರೆಟ್ ತುರಿ. ಆಮೇಲೆ ಸಣ್ಣಗೆ ಹೆಚ್ಚಿ ಹುರಿದ ದಪ್ಪಮೆಣಸಿನಕಾಯಿ, ಅದಾದ ಮೇಲೆ ಎಣ್ಣೆಯಲ್ಲಿ ಬಾಡಿಸಿದ ಮೆಂತ್ಯ ಸೊಪ್ಪು. ಪರಿಚಿತ ರುಚಿಯ ಮಡಿಲಲ್ಲಿ ಕೂತು ಬರುವ ಅಪರಿಚಿತ ರುಚಿಗೆ ನಾಲಿಗೆ ಅಷ್ಟಾಗಿ ಹೆದರುವುದಿಲ್ಲ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಕೆಟ್ಟಿತೆಂದಾಗ ಯಾವುದರಿಂದ ಕೆಟ್ಟಿತೆಂದು ತಿಳಿಯದೆ ಎರಡೂ ‘ಬೇಡ’ದ ಪಟ್ಟಿಗೆ ಹೋಗುತ್ತವೆ.

ಉಪ್ಪಿಟ್ಟು ಸೇರದವರು ನಾಡಿನ ತುಂಬ ಇದ್ದಾರೆ. ಅವರಲ್ಲಿ ಬಹಳಷ್ಟು ಮಂದಿಗೆ ಸೇರದಿರುವುದು ಅಂಟು. ರವೆಯನ್ನು ಘಮ ಬರುವವರೆಗೆ ಹದವಾಗಿ ಹುರಿದು, ಕುದಿಯುವ ನೀರಿಗೆ ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುವಿದರೆ ಗಂಟೂ ಅಂಟೂ ಇರುವುದಿಲ್ಲ. ಒಂದು ಲೋಟ ರವೆಗೆ ಎರಡೂವರೆ ಲೋಟದಷ್ಟು ನೀರು ಸಾಕು, ಬನ್ಸಿ ರವೆಯಾದರೆ ಮೂರು. ಅದೇ ರವೆ, ಅದೇ ಒಗ್ಗರಣೆಗೆ ಟೊಮೆಟೊ ಮತ್ತು ಮಸಾಲೆಪುಡಿ ಸೇರಿದಾಗ ಖಾರಾಬಾತ್ ಆಗುತ್ತದೆ. ಉಪ್ಪಿಟ್ಟನ್ನು ದೂರುವ ಎಷ್ಟೋ ಮಂದಿ ದರ್ಶಿನಿಯಲ್ಲಿ ಖಾರಾಬಾತ್ ಕೇಳಿ ಹಾಕಿಸಿಕೊಂಡು ತಿನ್ನುತ್ತಾರೆ.

ಈಗ ಬೆಂಡೆಕಾಯಿಗೆ ಬರಬಹುದು. ಲೋಳೆಯ ಕಾರಣಕ್ಕೆ ಅದರಷ್ಟು ದೂರವಾದ ತರಕಾರಿ ಬೇರೊಂದಿಲ್ಲ. ಆ ಲೋಳೆ ನೀರನ್ನು ಹೀರಿ ಉಬ್ಬುವ ಒಂದು ಬಗೆಯ ಪಿಷ್ಟದಂಥ ವಸ್ತು. ನೀರು ಸಿಕ್ಕಷ್ಟೂ ಅದು ನೂಲು ನೂಲಾಗುತ್ತದೆ. ಇಷ್ಟು ತಿಳಿದರೆ ಮಾಡಬೇಕಾದದ್ದೆಲ್ಲ ತಾನಾಗಿ ಹೊಳೆಯುತ್ತದೆ. ಕಾಯಿಯನ್ನು ಇಡಿಯಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಸಾಧ್ಯವಾದರೆ ಒಂದು ಗಂಟೆ ಆರಹಾಕಿ ಆಮೇಲೆ ಹೆಚ್ಚಬೇಕು. ಹೆಚ್ಚಿದ ಮೇಲೆ ತೊಳೆಯಲೇಬಾರದು. ಚಾಕುವಿಗೂ ಮಣೆಗೂ ನೀರಿರಬಾರದು. ಅಗಲವಾದ ಬಾಣಲೆಯಲ್ಲಿ, ಹೋಳುಗಳು ಒಂದರ ಮೇಲೊಂದು ರಾಶಿಯಾಗದಂತೆ, ತುಸು ಜೋರು ಉರಿಯಲ್ಲಿ ಹುರಿಯಬೇಕು. ಮುಚ್ಚಳ ಮುಚ್ಚಿದರೆ ಹಬೆ ನೀರಾಗಿ ಮರಳಿ ಬೀಳುತ್ತದೆ. ಉಪ್ಪು ಹೋಳಿನಿಂದ ನೀರನ್ನು ಹೊರಗೆಳೆಯುವುದರಿಂದ ಅದನ್ನು ಕೊನೆಯಲ್ಲಿ ಹಾಕಬೇಕು. ಹುಳಿ ಲೋಳೆಯನ್ನು ಮುರಿಯುತ್ತದೆ. ಹಾಗಾಗಿಯೇ ನಮ್ಮಲ್ಲಿ ಬೆಂಡೆಕಾಯಿ ಗೊಜ್ಜಿಗೆ ಹುಣಸೆರಸ, ಪಲ್ಯಕ್ಕೆ ಒಂದಿಷ್ಟು ಹುಣಸೆ ಅಥವಾ ನಿಂಬೆ, ಇನ್ನು ಕೆಲವೆಡೆ ಮೊಸರು ಬೀಳುತ್ತದೆ. ಸಾರು ಹುಳಿಗಳಿಗೆ ಹಾಕುವುದಾದರೂ ಮೊದಲು ಎಣ್ಣೆಯಲ್ಲಿ ಹುರಿದು ಆಮೇಲೆ ಹಾಕುವ ಪದ್ಧತಿ ಇದೇ ತಿಳಿವಳಿಕೆಯಿಂದ ಬಂದದ್ದು. ಮೊದಲ ಪ್ರಯೋಗಕ್ಕೆ ಬಿಲ್ಲೆಬಿಲ್ಲೆಯಾಗಿ ಹೆಚ್ಚಿ ಗರಿಗರಿಯಾಗಿ ಕರಿದು ಮೊಸರನ್ನಕ್ಕೆ ನಂಜಿಕೊಳ್ಳುವುದು ಸುರಕ್ಷಿತ ದಾರಿ. ಬೆಂಡೆಯ ರುಚಿ ಅದರಲ್ಲಿ ಪೂರ್ತಿ ಇರುತ್ತದೆ, ಲೋಳೆ ಮಾತ್ರ ಇರುವುದಿಲ್ಲ. ಅಲ್ಲಿಂದ ಒಣಪಲ್ಯಕ್ಕೆ, ಪಲ್ಯದಿಂದ ಗೊಜ್ಜಿಗೆ ಹೋಗುವುದು ತಿಂಗಳುಗಳ ಮಾತಾದರೂ ಪರವಾಗಿಲ್ಲ.

ಬದನೆಕಾಯಿಯ ಕಷ್ಟ ಬೇರೆ. ಅದರ ತಿರುಳು ಸ್ಪಂಜಿನ ಹಾಗೆ ಗಾಳಿ ತುಂಬಿಕೊಂಡಿರುತ್ತದೆ. ಹಸಿಯಾಗಿದ್ದಾಗ ಎಣ್ಣೆ ಕುಡಿಯುತ್ತದೆ, ಬೆಂದಾಗ ಕುಸಿದು ಮೆತ್ತಗಾಗುತ್ತದೆ. ಸಿಪ್ಪೆ ಮಾತ್ರ ಗಟ್ಟಿಯಾಗಿಯೇ ಉಳಿದು ಬಾಯಲ್ಲಿ ಎರಡು ಬಗೆಯಾಗಿ ಸಿಗುತ್ತದೆ. ಬಲಿತ ಕಾಯಲ್ಲಿ ಬೀಜವೂ ಒಗರೂ ಹೆಚ್ಚು. ಎಳೆಯ ಕಾಯಿ ಆರಿಸುವುದು, ಹೆಚ್ಚಿದ ಕೂಡಲೇ ಉಪ್ಪುನೀರಿಗೆ ಹಾಕುವುದು ಮೊದಲ ಎರಡು ಎಚ್ಚರ. ಉಪ್ಪುನೀರಲ್ಲಿ ಹೋಳು ಕಪ್ಪಾಗುವುದು ತಡವಾಗುತ್ತದೆ, ಒಗರು ಇಳಿಯುತ್ತದೆ. ಉಡುಪಿ ಕಡೆಯ ಮಟ್ಟುಗುಳ್ಳವನ್ನೂ ಮೈಸೂರಿನ ಈರನಗೆರೆ ಬದನೆಯನ್ನೂ ತಿಂದವರು ಬದನೆಯಲ್ಲಿ ಎಷ್ಟು ತರ ಉಂಟೆಂದು ಬಲ್ಲರು. ಒಂದು ತಳಿ ಸೇರದವರಿಗೆ ಇನ್ನೊಂದು ಸೇರುವುದುಂಟು. ಮೆತ್ತಗಿರುವುದೇ ತೊಂದರೆಯಾದವರು ಕೆಂಡದಲ್ಲೋ ಗ್ಯಾಸಿನ ಉರಿಯಲ್ಲೋ ಇಡೀ ಕಾಯಿ ಸುಟ್ಟು, ಸಿಪ್ಪೆ ಸುಲಿದು, ಹಿಸುಕಿ ಗೊಜ್ಜು ಮಾಡಿ ನೋಡಬೇಕು. ಹೋಳೇ ಇಲ್ಲದ ಮೇಲೆ ಹೋಳಿನ ಮೆತುತನದ ಪ್ರಶ್ನೆಯೂ ಇಲ್ಲ. ಸುಟ್ಟ ಕಮ್ಮನೆ ಘಮ ಮುಂದೆ ಬರುತ್ತದೆ. ಬದನೆ ತಿಂದಾಗಲೆಲ್ಲ ತುಟಿ ಗಂಟಲು ತುರಿಸುವವರು ಮಾತ್ರ ಇದನ್ನು ಪ್ರಯತ್ನಿಸಬಾರದು. ಅದು ಒಗ್ಗದಿರುವುದರ ಲಕ್ಷಣ. ಕೆಸುವಿನ ಎಲೆ, ಸುವರ್ಣಗಡ್ಡೆಗಳ ಕೆರೆತ ಅಂಥದಲ್ಲ. ಅವುಗಳಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು ಯಾರ ಗಂಟಲಿಗಾದರೂ ಚುಚ್ಚುತ್ತವೆ. ಪತ್ರೊಡೆಗೆ ಹುಣಸೆಹುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸುವುದು ಅದಕ್ಕೇ.

ಕಹಿಗೆ ಉಪ್ಪೇ ಮದ್ದು ಎಂಬುದನ್ನು ಹಾಗಲಕಾಯಿ ಹೆಚ್ಚಿ ಉಪ್ಪು ಸವರಿ ಹಿಂಡುವ ಎಲ್ಲ ಮನೆಗಳೂ ಬಲ್ಲವು. ಹಿಂಡಿದಾಗ ಕಹಿ ನೀರು ಹೊರಗೆ ಹೋಗುವುದು ಕಣ್ಣಿಗೆ ಕಾಣುವ ಕೆಲಸ. ಕಾಣದ ಇನ್ನೊಂದು ಕೆಲಸವಿದೆ: ನಾಲಿಗೆಗೆ ಕಹಿ ತಿಳಿಯುವುದನ್ನೇ ಉಪ್ಪು ತಗ್ಗಿಸುತ್ತದೆ. ಅಮೆರಿಕದ ಫಿಲಡೆಲ್ಫಿಯಾದ ಮೊನೆಲ್ ಸಂಸ್ಥೆಯ ಪಾಲ್ ಬ್ರೆಸ್ಲಿನ್ ಮತ್ತು ಗ್ಯಾರಿ ಬೋಷಾಂ 1997ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಕಹಿ ಮತ್ತು ಸಿಹಿ ಬೆರೆತ ದ್ರಾವಣಕ್ಕೆ ಉಪ್ಪು ಹಾಕಿದಾಗ ಕಹಿ ಅಡಗಿ ಸಿಹಿ ಎದ್ದು ಕಂಡಿತು. ಉಪ್ಪು, ಹುಣಸೆ, ಬೆಲ್ಲ ಮೂರೂ ಕೂಡಿದ ಹಾಗಲಕಾಯಿ ಗೊಜ್ಜಿನಲ್ಲಿ ನಡೆಯುವುದೂ ಇದೇ. ಎಲೆಕೋಸು ಹೂಕೋಸುಗಳ ಗಂಧಕದ ವಾಸನೆ ಬೇಯಿಸಿದಷ್ಟೂ ಏರುತ್ತದೆ. ಬೇಗ ಬೇಯಿಸಿ ಬೇಗ ಇಳಿಸಬೇಕು.

ಇಲ್ಲಿ ಕುಕ್ಕರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅದರೊಳಗಿನ ಒತ್ತಡದಲ್ಲಿ ನೀರು 100 ಡಿಗ್ರಿಯ ಬದಲು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ತೊಗರಿಬೇಳೆಗೆ ಅದು ವರ. ಬೇಳೆಯ ಜೊತೆಗೇ ತರಕಾರಿಯನ್ನೂ ಹಾಕಿ ಮೂರು ನಾಲ್ಕು ಸೀಟಿ ಕೂಗಿಸಿದರೆ ಹುರುಳಿಕಾಯಿ, ಕ್ಯಾರೆಟ್, ಸೀಮೆಬದನೆ ಎಲ್ಲ ಒಂದೇ ಬಣ್ಣ, ಒಂದೇ ಮೆತುವಿಗೆ ಬರುತ್ತವೆ. ತರಕಾರಿ ಸೇರದು ಎನ್ನುವ ಎಷ್ಟೋ ಮಂದಿಗೆ ನಿಜವಾಗಿ ಸೇರದಿರುವುದು ಕುಕ್ಕರಿನಲ್ಲಿ ಅತಿಯಾಗಿ ಬೆಂದ ತರಕಾರಿ. ಬೇಳೆಯನ್ನು ಕುಕ್ಕರಿನಲ್ಲೂ ಹೋಳುಗಳನ್ನು ತೆರೆದ ಪಾತ್ರೆಯಲ್ಲೂ ಬೇಯಿಸಿ, ಹಲ್ಲಿಗೆ ಸಿಗುವ ಹದದಲ್ಲಿರುವಾಗಲೇ ಕೂಡಿಸಿದರೆ ಅದೇ ಹುಳಿ ಬೇರೆಯೇ ಆಗುತ್ತದೆ. ಹತ್ತು ನಿಮಿಷದ ಹೆಚ್ಚಿನ ಕೆಲಸ, ಮಾಡಿ ನೋಡುವಷ್ಟು ಬೆಲೆ ಅದಕ್ಕಿದೆ.

ಸೊಪ್ಪಿನ ವಿಷಯದಲ್ಲಿ ಕರ್ನಾಟಕದ ಅಡುಗೆ ತುಂಬ ಉದಾರಿ. ಎಲೆ ಬಾಯಿಗೆ ಸಿಗಬಾರದು ಎನ್ನುವವರಿಗೆ ಮಸ್ಸೊಪ್ಪು ಇದೆ. ಬೇಳೆಯ ಜೊತೆ ಬೆಂದ ಸೊಪ್ಪನ್ನು ಕಡೆಗೋಲಿನಿಂದ ಮಸೆದು ಎಲೆಯ ಗುರುತೇ ಇಲ್ಲದಂತೆ ಮಾಡಿರುತ್ತಾರೆ. ಬಸ್ಸಾರು ಇನ್ನೂ ಜಾಣತನದ್ದು. ಕಾಳು ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲಿ ಸಾರು, ಉಳಿದ ಗಟ್ಟಿಯಲ್ಲಿ ಪಲ್ಯ. ಸೊಪ್ಪು ತಿನ್ನದವರು ಮುದ್ದೆಗೆ ಸಾರನ್ನಷ್ಟೇ ಹಾಕಿಕೊಂಡು ಸೊಪ್ಪಿನ ರುಚಿಗೆ ಮೊದಲು ಪರಿಚಿತರಾಗಬಹುದು, ಪಲ್ಯ ಆಮೇಲೆ ಬರುತ್ತದೆ. ಮಲೆನಾಡಿನ ತಂಬುಳಿಯಲ್ಲಿ ದೊಡ್ಡಪತ್ರೆಯನ್ನೋ ಒಂದೆಲಗವನ್ನೋ ಕಾಯಿತುರಿಯ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಯಲ್ಲಿ ಬೆರೆಸುತ್ತಾರೆ. ನಾರಿಲ್ಲ, ಖಾರವಿಲ್ಲ, ತಣ್ಣಗಿರುವುದರಿಂದ ವಾಸನೆಯೂ ಅಡಗಿರುತ್ತದೆ. ಬಿಸಿ ಅಡುಗೆಯ ಹಬೆಗೆ ಮುಖ ತಿರುಗಿಸುವವರಿಗೆ ತಣ್ಣನೆಯ ತಂಬುಳಿ, ಕೋಸಂಬರಿ, ಮೊಸರುಬಜ್ಜಿಗಳು ಒಳ್ಳೆಯ ಬಾಗಿಲು. ರುಚಿ ಎಂದು ತಿಳಿಯುವುದರಲ್ಲಿ ಬಹುಪಾಲು ವಾಸನೆಯೇ ಆಗಿರುವುದರಿಂದ ಈ ಉಪಾಯ ಫಲಿಸುತ್ತದೆ.

ಒಗ್ಗರಣೆಯ ಕರಿಬೇವು, ಮೆಣಸಿನಕಾಯಿ ತುಂಡು, ಬೆಳ್ಳುಳ್ಳಿ ಎಸಳುಗಳನ್ನು ತಟ್ಟೆಯ ಅಂಚಿಗೆ ತಳ್ಳುವವರು ಅವುಗಳ ಪರಿಮಳವನ್ನು ದ್ವೇಷಿಸುವುದು ಕಡಿಮೆ. ಪರಿಮಳ ಆಗಲೇ ಎಣ್ಣೆಗೆ ಇಳಿದಿರುತ್ತದೆ. ಬೆಳ್ಳುಳ್ಳಿಯನ್ನು ಜಜ್ಜಿ ಎಣ್ಣೆಯಲ್ಲಿ ಕೆಂಪಗೆ ಮಾಡಿ ಹೊರಗೆ ತೆಗೆದಿಡಬಹುದು, ಕರಿಬೇವನ್ನು ಹುರಿದು ಪುಡಿ ಮಾಡಿ ಹಾಕಬಹುದು.

ಹೊಸ ರುಚಿ ಒಂದೇ ಸಲಕ್ಕೆ ಹಿಡಿಸುವುದಿಲ್ಲ. ಅಮೆರಿಕದ ಲಿಯಾನ್ ಬರ್ಚ್ ಮತ್ತು ಜೊತೆಗಾರರು 1980ರ ದಶಕದಿಂದ ಮಕ್ಕಳ ಮೇಲೆ ನಡೆಸಿದ ಅಧ್ಯಯನಗಳ ಪ್ರಕಾರ ಒಂದು ತಿನಿಸನ್ನು ಎಂಟರಿಂದ ಹದಿನೈದು ಸಲ ರುಚಿ ನೋಡಿದ ಮೇಲೆ ಒಪ್ಪಿಗೆ ಬರುವುದು ಸಾಮಾನ್ಯ. ಹೆಚ್ಚಿನ ಮನೆಗಳಲ್ಲಿ ಮೂರು ಸಲಕ್ಕೆ ‘ಇದಕ್ಕೆ ಸೇರಲ್ಲ ಬಿಡು’ ಎಂದು ಕೈಬಿಡುತ್ತಾರೆ. ಪ್ರತಿ ಸಲ ಬೇಕಾದದ್ದು ಒಂದು ಚಮಚದಷ್ಟು ಮಾತ್ರ, ತಟ್ಟೆ ತುಂಬ ಅಲ್ಲ. ಒತ್ತಾಯ ಇರಬಾರದು. ‘ಇದನ್ನು ತಿಂದರೆ ಸಿಹಿ ಕೊಡುತ್ತೇನೆ’ ಎಂಬ ಆಮಿಷ ಸಿಹಿಯನ್ನು ಇನ್ನಷ್ಟು ಪ್ರಿಯವಾಗಿಸಿ ತರಕಾರಿಯನ್ನು ಶಿಕ್ಷೆಯಾಗಿಸುತ್ತದೆ. ಅಡುಗೆ ಮಾಡುವ ದೊಡ್ಡವರಿಗೆ ಈ ಎಣಿಕೆ ಸುಲಭವಾಗಿ ಸಾಗುತ್ತದೆ. ಉಪ್ಪು ಹುಳಿ ನೋಡಲು ಅಂಗೈಗೆ ಹಾಕಿಕೊಳ್ಳುವ ಒಂದೊಂದು ತೊಟ್ಟೂ ಒಂದೊಂದು ಸಲದ ಲೆಕ್ಕವೇ.

ಮನೆಮಂದಿಯ ಜೊತೆ ಇರುವವರು ಇಡೀ ಅಡುಗೆಯನ್ನು ತಮ್ಮ ನಾಲಿಗೆಗೆ ತಗ್ಗಿಸಬೇಕಿಲ್ಲ. ಎಷ್ಟೋ ಮನೆಗಳಲ್ಲಿ ಒಬ್ಬರಿಗೆಂದು ಬೇರೆ ಅಡುಗೆ ಮಾಡುವ ಹೊರೆ ವರ್ಷಗಟ್ಟಲೆ ಅಮ್ಮನ ಮೇಲೆ ಬಿದ್ದಿರುತ್ತದೆ. ಆರಿಸಿ ತಿನ್ನುವವರೇ ಅಡುಗೆ ಕಲಿತರೆ ಇಳಿಯುವುದು ಮೊದಲು ಆ ಹೊರೆ. ಅಡುಗೆಯನ್ನು ಯಾವ ಹಂತದಲ್ಲಿ ಕವಲೊಡೆಸಬೇಕೆಂದು ತಿಳಿದರೆ ಸಾಕು. ಬೆಂದ ಬೇಳೆಯನ್ನು ತರಕಾರಿ ಕೂಡಿಸುವ ಮುಂಚೆ ಒಂದು ಬಟ್ಟಲು ತೆಗೆದಿಟ್ಟರೆ ಅದು ತೊವ್ವೆ, ಉಳಿದದ್ದು ಹುಳಿ. ಇಂಗು ಬೇಡವಾದವರ ಪಾಲನ್ನು ಒಗ್ಗರಣೆಗೆ ಮುಂಚೆ ಎತ್ತಿಡಬಹುದು. ಬಾಳೆಎಲೆಯ ಊಟವೂ ಇವರಿಗೆ ಅನುಕೂಲವಾದದ್ದೇ. ಪ್ರತಿಯೊಂದಕ್ಕೂ ಎಲೆಯ ಮೇಲೆ ತನ್ನದೇ ಜಾಗವಿದೆ, ಬೆರೆಸುವುದು ಉಣ್ಣುವವರ ಕೈಯಲ್ಲಿದೆ.

ಪೌಷ್ಟಿಕತೆಯ ಲೆಕ್ಕ ಬಿಡುವಂತಿಲ್ಲ. ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆಲೂಗಡ್ಡೆ ಈ ಲೆಕ್ಕಕ್ಕೆ ಬರುವುದಿಲ್ಲ. ಐದಾರು ತರಕಾರಿಗಳಷ್ಟೇ ಸೇರುವವರೂ ಹಣ್ಣುಗಳನ್ನು ಕೂಡಿಸಿಕೊಂಡರೆ ಅಲ್ಲಿಗೆ ತಲುಪಬಹುದು. ತಿನ್ನುವ ಬಗೆಗಳು ದಿನೇ ದಿನೇ ಕಡಿಮೆಯಾಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ಉಸಿರು ಕಟ್ಟೀತು ವಾಂತಿಯಾದೀತು ಎಂಬ ಭಯಕ್ಕೆ ಊಟವನ್ನೇ ಬಿಡುವಂತಾದರೆ ಅದು ಅಡುಗೆಮನೆಯ ಮಟ್ಟವನ್ನು ದಾಟಿದ ತೊಂದರೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಇದನ್ನು ಆರ್ಫಿಡ್ ಎಂಬ ಹೆಸರಿನಲ್ಲಿ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಅದಕ್ಕೆ ಚಿಕಿತ್ಸೆಯಿದೆ, ಸಂಕೋಚವಿಲ್ಲದೆ ಪಡೆಯಬೇಕು.

ಎಲ್ಲ ಪ್ರಯತ್ನದ ಮೇಲೂ ಕೆಲವು ಸೇರದೆಯೇ ಉಳಿಯುತ್ತವೆ. ಅವನ್ನು ಬಿಟ್ಟು ಅಡುಗೆ ಮಾಡುವ ವಿದ್ಯೆಯೂ ಇಲ್ಲಿ ಹಳೆಯದೇ. ಉಡುಪಿಯ ಮಠದ ಅಡುಗೆ ಈರುಳ್ಳಿ ಬೆಳ್ಳುಳ್ಳಿಗಳಿಲ್ಲದೆ ನಡೆಯುತ್ತದೆ. ಮಾಧ್ವರ ಚಾತುರ್ಮಾಸ್ಯದಲ್ಲಿ ಮೊದಲ ತಿಂಗಳು ತರಕಾರಿ ಇಲ್ಲ, ಎರಡನೆಯ ತಿಂಗಳು ಮೊಸರಿಲ್ಲ, ಮೂರನೆಯದರಲ್ಲಿ ಹಾಲಿಲ್ಲ, ನಾಲ್ಕನೆಯದರಲ್ಲಿ ಬೇಳೆಕಾಳಿಲ್ಲ. ಆ ನಾಲ್ಕು ತಿಂಗಳೂ ಅಂಥ ಮನೆಗಳಲ್ಲಿ ಸಾರು ಕುದಿಯುತ್ತಲೇ ಇರುತ್ತದೆ. ಅಲ್ಲಿಂದ ಕಲಿಯುವುದು ಬಹಳವಿದೆ. ಈರುಳ್ಳಿಯ ಜಾಗದಲ್ಲಿ ಇಂಗು ಮತ್ತು ಕಾಯಿತುರಿ, ಹುಣಸೆಯ ಜಾಗದಲ್ಲಿ ಒಣ ಮಾವಿನ ಹುಳಿ, ಹಸಿಮೆಣಸಿನ ಜಾಗದಲ್ಲಿ ಕಾಳುಮೆಣಸು. ಕೊತ್ತಂಬರಿ ಸೊಪ್ಪು ಸಾಬೂನಿನಂತೆ ಕಾಣುವವರು ಸಾರಿಗೆ ಕೊನೆಯಲ್ಲಿ ಎರಡು ಎಸಳು ಕರಿಬೇವು ಕಿವುಚಿ ಹಾಕಿ ಮುಚ್ಚಿಟ್ಟರೆ ಸಾಕು, ಸಾರು ತನ್ನ ಘಮ ಕಳೆದುಕೊಳ್ಳುವುದಿಲ್ಲ.